ಭಾಗವ್ವನ ಬೆರಳಿಗೆ ಸಿಕ್ಕ ಕಡಲೆಕಾಳು

ಪೊಂ ಪೊಂ ಎಂದು ರಬ್ಬರ್ ಹಾರ್ನು ಹಿಸುಕುತ್ತ ಬ್ರೆಡ್ಡಿನವನ ಸೈಕಲ್ಲು ರಿಬಂದರದ ಓಣಿ ದಾಟುತ್ತದೆ. ಗುರುವಾರ, ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ. ಮಾಂಡವಿ ಹೊಳೆಯ ನೀರಿಗೆ ಬೆಳಕು ಸರಿಯಾಗಿ ಬಿದ್ದಿಲ್ಲ. ಹಳೆಯ ಮನೆಯೊಂದರ ಹಿತ್ತಲ ಕಟ್ಟೆಯ ಮೇಲೆ, ನೀಲಿ ಪ್ಲಾಸ್ಟಿಕ್ ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತಿರುವ ಭಾಗವ್ವ ಕೈಯೊಳಗಿನ ನಾಯಿಯ ಮುಖ ನೋಡುತ್ತಾಳೆ. ಈ ಹಾರ್ನು ಕೇಳಿದರೆ ಓಣಿಯನ್ನೆಲ್ಲ ಎಬ್ಬಿಸಿ ಕೂರಿಸುವ ನಾಯಿ ಇದು. ಹಾಗೆ ಬೊಗಳುತ್ತದೆಂದೇ ಗೋವಾದ ದುಂಡು ಬ್ರೆಡ್ಡಿನ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ: ಪೋಯಿ. ಇವತ್ತು ಪೋಯಿ ಕಿವಿ ಮಾತ್ರ ನಿಮಿರಿಸಿ, ಮತ್ತೆ ತಲೆ ಇಳಿಬಿಟ್ಟು ನಿಂತಿದೆ.

ಭಾಗವ್ವ ಬಿಸಿನೀರು ಸುರಿಯುತ್ತಾಳೆ. ತುಪ್ಪುಳು ನೆನೆದು ಮೈಗಂಟಿದ ಕೂಡಲೇ ನಾಯಿ ಅರ್ಧಕ್ಕರ್ಧ ಇಳಿದುಹೋಗುತ್ತದೆ. ಒಂಬತ್ತು ವರ್ಷದ ಪೊಮೆರೇನಿಯನ್. ತೂಕ ಮೂರೂವರೆ ಕಿಲೋ, ಅಷ್ಟೇ. ಸೋಪು ಹಚ್ಚುವಾಗ ಅವಳ ಕಣ್ಣು ನಾಯಿಯ ಮೇಲಿರುವುದಿಲ್ಲ, ಎದುರಿನ ಪಾಚಿಗಟ್ಟಿದ ಗೋಡೆಯ ಮೇಲಿರುತ್ತದೆ. ನೋಡುವ ಕೆಲಸ ಬೆರಳಿನದು. ದವಡೆಯ ಕೆಳಗೆ, ಭುಜದ ಮುಂದೆ, ಕಂಕುಳು, ತೊಡೆಸಂದು, ಹಿಂಗಾಲಿನ ಮಂಡಿಯ ಹಿಂದೆ. ಐದು ಜಾಗ, ಎರಡೂ ಮಗ್ಗಲು. ಇವತ್ತು ಬೆರಳು ಮೊದಲನೆಯ ಜಾಗದಲ್ಲೇ ನಿಂತುಬಿಡುತ್ತದೆ. ಎಡಕ್ಕೆ ಒಮ್ಮೆ. ಬಲಕ್ಕೆ ಒಮ್ಮೆ. ಮತ್ತೆ ಎಡಕ್ಕೆ.

“ಹ್ವಾದ ಗುರುವಾರ ಮಡಕಿ ಕಾಳಿನಷ್ಟ ಇತ್ರಿ,” ಅನ್ನುತ್ತಾಳೆ, ತನ್ನ ಕೆಲಸ ನೋಡಿ ಬರೆಯಲು ಬಂದು ಪಕ್ಕದಲ್ಲಿ ಕೂತವರಿಗೆ, ದನಿ ತಗ್ಗಿಸಿ. “ಇವತ್ತ ಕಡ್ಲಿ ಆಗೈತಿ. ಎರಡೂ ಕಡಿ.”

ಪೋಯಿಗೆ ಇರುವುದು ಲಿಂಫೋಮಾ. ಮೈತುಂಬ ಕಾವಲು ಕೂತಿರುವ ಸಣ್ಣ ಗ್ರಂಥಿಗಳೊಳಗೆ, ರಕ್ತದ ಬಿಳಿಕಣಗಳು ಹದ್ದುಮೀರಿ ಬೆಳೆಯುವ ಕ್ಯಾನ್ಸರ್. ಇಪ್ಪತ್ತೈದು ವಾರ ಔಷಧಿ ಹಾಕಿಸಿಕೊಂಡು ನಾಲ್ಕು ತಿಂಗಳ ಹಿಂದೆ ಚಿಕಿತ್ಸೆ ಮುಗಿಸಿದೆ. ಗಂಟುಗಳೆಲ್ಲ ಕರಗಿ, ಸಹಜ ಗ್ರಂಥಿಯಂತೆ ಮಡಕೆಕಾಳಿನಷ್ಟೇ ಉಳಿದಿದ್ದವು. ಬೆರಳು ಹೇಳುವುದು ನಿಜವಾದರೆ ರೋಗ ತಿರುಗಿ ಬಂದಿದೆ. ಒಳಗೆ ಅಡುಗೆಮನೆಯಲ್ಲಿ ಪೋಯಿಯ ಒಡತಿ ಸೋಫಿಯಾ ಚಹಾ ಕುದಿಸುತ್ತ ಯಾವುದೋ ಕೊಂಕಣಿ ಹಾಡು ಗುನುಗುತ್ತಿದ್ದಾಳೆ. ಅವಳಿಗೆ ಇನ್ನೂ ಗೊತ್ತಿಲ್ಲ. ಈ ಹೊತ್ತಿಗೆ ಈ ಲೋಕದಲ್ಲಿ ಇದು ಗೊತ್ತಿರುವುದು ಭಾಗವ್ವನ ಎರಡು ಬೆರಳುಗಳಿಗೆ ಮಾತ್ರ.

ಆ ಬೆರಳುಗಳು ವಿದ್ಯೆ ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ. ಅಮೀನಗಡದ ಕುರಿಸಂತೆಯಲ್ಲಿ. ಭಾಗವ್ವನ ಅಪ್ಪ ಪರಮಣ್ಣ ಕುರಿ ಕಾಯುವವನು. ಸಂತೆಯಲ್ಲಿ ಕುರಿ ಕೊಳ್ಳುವ ಮೊದಲು ಮಗಳನ್ನು ಕರೆದು, “ಕಣ್ಣ ಮುಚ್ಚು, ಕೈ ಹಾಕು” ಅನ್ನುತ್ತಿದ್ದನಂತೆ. “ತುಪ್ಪಳ ದಪ್ಪ ಇರತೈತ್ರಿ. ಕಣ್ಣಿಗಿ ಕುರಿ ಗುಂಡಗ ಕಾಣತೈತಿ, ಒಳಗ ಎಲುಬು ಇರತಾವ. ಗದ್ದದ ಬುಡಕ ಬಾವು ಐತೋ, ಎದಿಯಾಗ ಮಾಂಸ ಐತೋ, ಬೆರಳ ಹೇಳಬೇಕು. ನಾ ಎಂಟ ವರ್ಷದಾಕಿ ಇದ್ದಾಗ ನಮ್ಮಪ್ಪ ನನ್ನ ಕೈ ಕೇಳಿ ಕುರಿ ತಗೋತಿದ್ದ.” ಪೇಟೆಯ ಸಣ್ಣ ನಾಯಿಗಳದೂ ಅದೇ ಕಥೆ. ಪೊಮೆರೇನಿಯನ್, ಶಿಟ್‌ಜು, ಲಾಸಾ, ಎಲ್ಲವೂ ತುಪ್ಪುಳಿನ ಮುದ್ದೆ. ಒಳಗೆ ಗಂಟು ಅಡಕೆಯಷ್ಟಾಗುವವರೆಗೆ, ಹಗಲೆಲ್ಲ ಮುದ್ದಾಡುವ ಮನೆಯವರಿಗೂ ತಿಳಿಯುವುದಿಲ್ಲ. ನೋವಿರುವುದಿಲ್ಲವಾದ್ದರಿಂದ ನಾಯಿಯೂ ಹೇಳುವುದಿಲ್ಲ.

ಭಾಗವ್ವನಿಗೆ ಈಗ ನಲವತ್ತಾರು. ಗಂಡ ಹೊಳೆಪ್ಪನ ಜೊತೆ ಗೋವಾಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ಮನೆ ಚಿಂಬಲ್ಲಿನಲ್ಲಿ, ಪಣಜಿಯಿಂದ ಬಸ್ಸಿನಲ್ಲಿ ಹದಿನೈದು ನಿಮಿಷದ ದಾರಿ. ಕಡಲು ನೋಡಲು ಬರುವವರ ನಕಾಶೆಯಲ್ಲಿ ಚಿಂಬಲ್ ಇರುವುದಿಲ್ಲ. ಅವರು ಇಳಿದುಕೊಳ್ಳುವ ಹೋಟೆಲಿನ ಗೋಡೆ ಕಟ್ಟಿದವರು ಇಲ್ಲಿರುತ್ತಾರೆ, ಒಂದು ಕೋಣೆಗೆ ಆರು ಜನದಂತೆ, ಬೆಳಿಗ್ಗೆ ಐದಕ್ಕೆ ಬರುವ ನಳಕ್ಕೆ ನಾಲ್ಕಕ್ಕೇ ಕೊಡ ಸಾಲಿಟ್ಟುಕೊಂಡು. ಗೋಡೆ ಎದ್ದು ನಿಲ್ಲುವವರೆಗೆ ಇವರು ಕೆಲಸಗಾರರು. ಗೋಡೆಗೆ ಬಣ್ಣ ಬಿದ್ದ ದಿನದಿಂದ ಇವರ ಹೆಸರು ‘ಘಾಂಟಿ’, ಘಟ್ಟ ಇಳಿದು ಬಂದ ಕೊಳಕರು. ಇವರೇ ಕಟ್ಟಿದ ಗೇಟಿನಲ್ಲಿ ಇವರನ್ನು ತಡೆದು, ಯಾರ ಮನೆಗೆ, ಯಾಕೆ ಎಂದು ಪುಸ್ತಕದಲ್ಲಿ ಬರೆಸಿಕೊಳ್ಳುತ್ತಾರೆ.

ಹದಿನಾರು ವರ್ಷ ಭಾಗವ್ವ ಬುಟ್ಟಿ ಹೊತ್ತಳು, ಹೊಳೆಪ್ಪ ಗಾರೆ ಕಲಸಿದ. ಆಮೇಲೆ ಹೊಳೆಪ್ಪನ ಕುತ್ತಿಗೆಯಲ್ಲಿ ಗಂಟು ಎದ್ದಿತು.

ಈ ಮಾತಿಗೆ ಬಂದಾಗ ಭಾಗವ್ವ ಟಬ್ಬಿನ ನೀರು ಚೆಲ್ಲಿ ಬರುತ್ತಾಳೆ, ಟವೆಲ್ಲಿನಲ್ಲಿ ಪೋಯಿಯನ್ನು ಸುತ್ತಿ ಮಡಿಲಿಗೆ ಹಾಕಿಕೊಳ್ಳುತ್ತಾಳೆ, ಆಮೇಲೆ ಹೇಳುತ್ತಾಳೆ. ಗಂಟು ಮೊದಲು ಸಿಕ್ಕಿದ್ದೂ ಅವಳ ಬೆರಳಿಗೇ, ತಲೆಗೆ ಎಣ್ಣೆ ಹಚ್ಚುವಾಗ. ಕುರಿಯ ಗದ್ದದ ಬಾವಿಗೆ ಅಪ್ಪ ಮಾಡುತ್ತಿದ್ದುದನ್ನೇ ಮಾಡಿದಳು. ಸುಣ್ಣ, ಬೆಲ್ಲ ಕಲಸಿ ಬಟ್ಟೆ ಕಟ್ಟಿದಳು. ಅದೇ ವಾರ ಗುತ್ತಿಗೆದಾರ ಒಬ್ಬ ಡಾಕ್ಟರನ ಹತ್ತಿರ ಕಳಿಸಿದ. ಆ ಡಾಕ್ಟರ್ ಕುರ್ಚಿ ಬಿಟ್ಟು ಏಳಲಿಲ್ಲ, ಕುತ್ತಿಗೆಗೆ ಕೈ ಹಚ್ಚಲಿಲ್ಲ. ಸಿಮೆಂಟಿನ ಮೈ ನೋಡಿ ಮೂಗು ಮುಚ್ಚಿಕೊಂಡು, ಬಿಳಿ ಗುಳಿಗೆ ಬರೆದುಕೊಟ್ಟ. ಹತ್ತು ದಿನದಲ್ಲಿ ಗಂಟು ಇಳಿಯಿತು.

“ನಾ ಏನ ತಿಳಕೊಂಡೆ ಹೇಳ್ರಿ? ಸುಣ್ಣ-ಬೆಲ್ಲದ್ಲೆ ಇಳದೈತಿ ಅಂತ ತಿಳಕೊಂಡೆ. ಓಣಿ ತುಂಬ ಹೇಳಕೋಂತ ಅಡ್ಡಾಡಿದೆ, ನಮ್ಮಪ್ಪನ ಔಷಧ ನೋಡ್ರಿ ಅಂತ. ದೊಡ್ಡ ದವಾಖಾನಿಗಿ ಹೋಗೂದ ಬಿಟ್ವಿ. ಅವ್ರೂ ಕೆಲಸಕ್ಕ ಹ್ವಾದ್ರು.” ಎರಡು ತಿಂಗಳಲ್ಲಿ ಗಂಟು ತಿರುಗಿ ಎದ್ದಿತು. ಕುತ್ತಿಗೆಯಲ್ಲಿ ನೆಲ್ಲಿಕಾಯಿಯಷ್ಟು, ಕಂಕುಳಲ್ಲಿ, ತೊಡೆಯಲ್ಲಿ. ಈ ಸಲ ಸುಣ್ಣಕ್ಕೂ ಬಗ್ಗಲಿಲ್ಲ, ಗುಳಿಗೆಗೂ ಬಗ್ಗಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಲಿಂಫೋಮಾ ಎಂದು ಹೇಳಿ, ‘ತಡ ಮಾಡಿದಿರಿ’ ಅಂದರು. ತಡ ಮಾಡಿದವರು ಯಾರು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಹೊಳೆಪ್ಪ ಹೋಗಿ ಆರು ವರ್ಷವಾಯಿತು.

ಬುಟ್ಟಿ ಹೊರುವುದು ಬಿಟ್ಟು ಭಾಗವ್ವ ಮನೆಗೆಲಸ ಹಿಡಿದದ್ದು ಆಮೇಲೆ. ಸೋಫಿಯಾಳ ಮನೆ ಮೊದಲನೆಯದು. ಸೋಫಿಯಾ ಪಣಜಿಯ ಬ್ಯಾಂಕಿನಲ್ಲಿ ನೌಕರಿ ಮಾಡುತ್ತಾಳೆ. ಗಂಡ ಹಡಗಿನಲ್ಲಿ, ವರ್ಷಕ್ಕೆ ಎಂಟು ತಿಂಗಳು ಸಮುದ್ರದ ಮೇಲೆ. ಮನೆಯಲ್ಲಿ ಅವಳು ಮತ್ತು ಪೋಯಿ. ಪಾತ್ರೆ ತೊಳೆಯಲು ಬಂದ ಭಾಗವ್ವನ ಕೈಗೆ ನಾಯಿಯ ಸ್ನಾನವೂ ಬಂತು. ಒಂದು ಮನೆಯದನ್ನು ನೋಡಿ ಇನ್ನೊಂದು ಮನೆಯವರು ಕರೆದರು. ಈಗ ರಿಬಂದರ, ಪಣಜಿ, ತಾಳಗಾಂವ್ ಸೇರಿ ಹನ್ನೊಂದು ನಾಯಿ, ಎಲ್ಲವೂ ಸಣ್ಣ ಜಾತಿಯವು. ದಿನಕ್ಕೆ ಎರಡು, ಒಮ್ಮೊಮ್ಮೆ ಮೂರು. ಸ್ನಾನಕ್ಕೆ ಮುಕ್ಕಾಲು ಗಂಟೆ, ಒರೆಸಿ ಬಾಚಲು ಅರ್ಧ ಗಂಟೆ. ಬೆರಳಿನ ಕೆಲಸಕ್ಕೆ ಐದು ನಿಮಿಷ. ಅದನ್ನು ಯಾರೂ ಕೇಳಿಲ್ಲ, ಅವಳಾಗಿ ಮಾಡುತ್ತಾಳೆ.

ಹತ್ತು ತಿಂಗಳ ಹಿಂದೆ ಇಂಥದೇ ಒಂದು ಗುರುವಾರ, ಪೋಯಿಯ ದವಡೆಯ ಕೆಳಗೆ ಎರಡು ಅಡಕೆ ಸಿಕ್ಕವು. ಮಂಡಿಯ ಹಿಂದೆ ಎರಡು ಅವರೆಕಾಳು. “ಕೈ ಝುಂ ಅಂತ್ರಿ. ಅದಽ ಗಂಟು. ನಮ್ಮ ಮನಿಯವ್ರ ಕುತಿಗ್ಯಾಗ ಇದ್ದದ್ದ. ಗಟ್ಟಿ, ಒತ್ತಿದ್ರ ಜಾರತೈತಿ, ನೋವಿಲ್ಲ.” ಸೋಫಿಯಾಳಿಗೆ ಹೇಳಿದರೆ ಅವಳು ನಕ್ಕಳು, ಬೊಜ್ಜು ಇರಬೇಕು ಅಂದಳು. ಕಾಂಪೌಂಡಿನ ಆಚೆ ನಿಂತ ನೆರೆಮನೆಯವರು ಒಬ್ಬರು ಕೊಂಕಣಿಯಲ್ಲಿ, “ನೋಡು, ಘಾಂಟಿ ಹೆಂಗಸು ಡಾಕ್ಟರಾದಳು” ಅಂದರು. ಭಾಗವ್ವನಿಗೆ ಕೊಂಕಣಿ ಬರುತ್ತದೆ. ಅವರ ಎದುರಿಗೇ ನಾಯಿಯನ್ನು ಸೆರಗಿನೊಳಗೆ ಕಟ್ಟಿಕೊಂಡಳು. ಬಾಯಿ ಎಂದು ತಾನು ಕರೆಯುವ ಸೋಫಿಯಾಳಿಗೆ ಅವಳು ಅಂದದ್ದು ಇಷ್ಟು: “ಬಾಯ್, ನೀವು ಬರದಿದ್ದರೆ ನಾನೇ ಒಯ್ಯುತ್ತೇನೆ. ಇವತ್ತಿನ ಉಳಿದ ಮನೆಗಳ ಕೆಲಸ ಹೋದರೆ ಹೋಗಲಿ.” ಸೋಫಿಯಾ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿ ಬಂದಳು.

ಕ್ಲಿನಿಕ್ಕಿನಲ್ಲಿ ಸಿಕ್ಕವಳು ಡಾಕ್ಟರ್ ಫಿರ್ದೋಸ. ಹುಬ್ಬಳ್ಳಿಯ ಹುಡುಗಿ, ಬೀದರಿನಲ್ಲಿ ಪಶುವೈದ್ಯ ಓದಿದವಳು. ನಾಯಿಯನ್ನು ಮೇಜಿನ ಮೇಲೆ ಇಟ್ಟುಕೊಂಡು, ಎರಡೂ ಕೈ ಹಚ್ಚಿ, ಐದೂ ಜಾಗ ಮುಟ್ಟಿ ನೋಡಿದಳು. ಸಣ್ಣ ಸೂಜಿಯಿಂದ ಗಂಟಿನ ರಸ ತೆಗೆದು ಗಾಜಿನ ಮೇಲೆ ಬಳಿದಳು. ಉತ್ತರ ಬರುವವರೆಗೆ ಬಾವು ಇಳಿಸಲು ಏನಾದರೂ ಕೊಡಿ ಎಂದು ಸೋಫಿಯಾ ಬೇಡಿಕೊಂಡಾಗ, ಫಿರ್ದೋಸ ಕೊಡಲಿಲ್ಲ. ಪಕ್ಕದಲ್ಲಿ ನಿಂತ ಭಾಗವ್ವನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದಳು: “ಸ್ಟಿರಾಯ್ಡ್ ಗುಳಿಗಿ ಕೊಟ್ರ ಗಂಟು ಇಳೀತಾವಕ್ಕಾ. ರೋಗ ಹೋಗಂಗಿಲ್ಲ, ಅಡಗಿ ಕುಂದರತೈತಿ. ಆಮ್ಯಾಲ ಸೂಜಿ ಹಾಕಿದ್ರ ಖರೇ ಕಾಣಂಗಿಲ್ಲ, ಮುಂದ ಔಷಧಿಗೂ ಜಗ್ಗಂಗಿಲ್ಲ. ಮೊದಲ ರೋಗ ಯಾವ್ದು ಅಂತ ತಿಳೀಬೇಕು.”

ಗಂಡ ಸತ್ತದ್ದು ಹೇಗೆ ಎಂದು ಭಾಗವ್ವನಿಗೆ ತಿಳಿದದ್ದು ಆವತ್ತು, ನಾಯಿಯ ದವಾಖಾನೆಯಲ್ಲಿ. ಐದು ವರ್ಷ ಸುಣ್ಣ-ಬೆಲ್ಲದ ಪಾಪ ತನ್ನದೆಂದು ಹೊತ್ತುಕೊಂಡಿದ್ದಳು. ಸುಣ್ಣ ಏನೂ ಮಾಡಿರಲಿಲ್ಲ, ಗಂಟು ಇಳಿಸಿರಲೂ ಇಲ್ಲ. ಕೈ ಹಚ್ಚದೆ ಬರೆದ ಬಿಳಿ ಗುಳಿಗೆ ರೋಗವನ್ನು ಅಡಗಿಸಿಟ್ಟಿತ್ತು. ಕ್ಲಿನಿಕ್ಕಿನ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು. ನಾಯಿಗೆ ಇಷ್ಟು ಅಳುತ್ತಾಳಲ್ಲ ಎಂದು ಸೋಫಿಯಾ ಅವಳನ್ನು ತಬ್ಬಿಕೊಂಡಳು. ಭಾಗವ್ವ ತಿದ್ದಲು ಹೋಗಲಿಲ್ಲ.

ಮರುವಾರದಿಂದ ಔಷಧಿ ಶುರುವಾಯಿತು. ನಾಲ್ಕು ಬಗೆಯವು, ಸರದಿಯ ಮೇಲೆ. ಒಂದು ವಾರ ನರಕ್ಕೆ ಚುಚ್ಚುವ ಇಂಜೆಕ್ಷನ್ನು. ಅದು ಒಂದು ಹನಿ ನರದಾಚೆ ಸೋರಿದರೂ ಮಾಂಸ ಸುಡುತ್ತದೆ. ಪೋಯಿಯ ಮುಂಗಾಲಿನ ನರವೋ ಹೊಲಿಗೆ ದಾರದಷ್ಟು. ಇನ್ನೊಂದು ವಾರ ಕ್ಯಾಪ್ಸೂಲು. ದೊಡ್ಡ ನಾಯಿಯ ಮಾತ್ರೆಯನ್ನು ಸಣ್ಣ ನಾಯಿಗೆಂದು ಮುರಿದು ಕೊಡುವಂತಿಲ್ಲವಾದ್ದರಿಂದ ಅದನ್ನು ಅಳತೆಗೆ ಮಾಡಿಸಿ ಮುಂಬಯಿಯಿಂದ ತರಿಸಬೇಕು. ಅದು ಉಚ್ಚೆಯ ಚೀಲವನ್ನು ಕೆರಳಿಸುತ್ತದೆ, ಹಾಗಾಗಿ ಗಂಟೆಗೊಮ್ಮೆ ನೀರು ಕುಡಿಸಿ ಹೊರಗೆ ಒಯ್ಯಬೇಕು. ಮತ್ತೊಂದು ವಾರ ಕೆಂಪು ಔಷಧಿ, ಹೃದಯಕ್ಕೆ ಭಾರವಾದದ್ದು. ಸಣ್ಣ ನಾಯಿಗೆ ಅದರ ಲೆಕ್ಕವೇ ಬೇರೆ, ತೂಕ ನೋಡಿ ಕಡಿಮೆ ಹಾಕಬೇಕು. ಹನಿಹನಿಯಾಗಿ ಅರ್ಧ ಗಂಟೆ. ಇವುಗಳ ಜೊತೆಗೆ, ರೋಗ ಇಂಥದೆಂದು ಗೊತ್ತಾದ ಮೇಲೆ, ಅದೇ ಬಿಳಿ ಗುಳಿಗೆ. ಪ್ರತಿ ಸಲ ಮೊದಲು ರಕ್ತ ತೆಗೆದು ನೋಡುವುದು, ಬಿಳಿಕಣ ಕಡಿಮೆಯಾಗಿದ್ದರೆ ವಾರ ಮುಂದೂಡುವುದು.

ಆ ಅರ್ಧ ಗಂಟೆ ಪೋಯಿ ಅಲುಗಾಡಬಾರದು. ಹಿಡಿದುಕೊಂಡವಳು ಭಾಗವ್ವ. ಇಪ್ಪತ್ತೈದು ವಾರದಲ್ಲಿ ಒಂದು ಸಲವೂ ಸೂಜಿ ಜಾರಿಲ್ಲ. “ಕುರಿಮರಿ ಹಿಡಿದಂಗ ಹಿಡೀಬೇಕ್ರಿ. ಅದುಮಿದ್ರ ಒದ್ದಾಡತೈತಿ. ನಮ್ಮ ಎದಿ ಬಡಿಯೂದ ಅದಕ್ಕ ಕೇಳಬೇಕು, ಆಗ ಸುಮ್ಮ ಇರತೈತಿ.” ಔಷಧಿ ಬಿದ್ದ ಮೇಲೆ ಎರಡು ಮೂರು ದಿನ ನಾಯಿಯ ಉಚ್ಚೆ, ವಾಂತಿ ಎಲ್ಲದರಲ್ಲೂ ಆ ವಿಷ ಇಳಿಯುತ್ತದೆ, ಬರಿಗೈಯಲ್ಲಿ ಮುಟ್ಟಬಾರದು. ಮೊದಲ ವಾರ ಇದನ್ನು ಭಾಗವ್ವನಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ. ಒಡತಿಯ ಕೈಗೆ ಗ್ಲೌಸು ಕೊಟ್ಟವರು, ನೆಲ ಒರೆಸುವ ಕೈಗೆ ಕೊಡಲಿಲ್ಲ. ಒಡತಿ ನೆಲ ಒರೆಸುವುದಿಲ್ಲ ಎಂಬುದು ಗೊತ್ತಿದ್ದೂ. ಎರಡನೆಯ ವಾರ ಅವಳೇ ಕೇಳಿದಳು: “ಡಾಕ್ಟರವ್ವಾ, ಬಾಯಿಯವ್ರ ಕೈಗಿ ಯಾಕ ಚೀಲ ಹಾಕೀರಿ? ಒರಸಾಕಿ ನಾ ಅಲ್ಲೇನು?” ಫಿರ್ದೋಸ ಕಿವಿಯವರೆಗೆ ಕೆಂಪಾದಳು. ಅವತ್ತಿನಿಂದ ಗ್ಲೌಸಿನ ಡಬ್ಬಿಯ ಮೇಲೆ ಭಾಗವ್ವನ ಹೆಸರಿದೆ.

ಪೋಯಿಯ ಕಾರ್ಡಿನಲ್ಲೂ ಅವಳ ಗುರುತಿದೆ. ಗಂಟಿನ ಅಳತೆ ಬರೆಯುವ ಕಡೆ ಮಿಲಿಮೀಟರಿನ ಪಕ್ಕದಲ್ಲೇ ಕನ್ನಡದಲ್ಲಿ ಬರೆದಿರುತ್ತದೆ: ಅಡಕೆ, ಅವರೆ, ಕಡಲೆ, ಹೆಸರುಕಾಳು, ಮಡಕೆಕಾಳು. ಮೊದಮೊದಲು ಫಿರ್ದೋಸ ನಗುತ್ತ ಬರೆದದ್ದು. ಆಮೇಲೆ ಅವಳ ಅಳತೆಗೋಲು ಹೇಳುವುದಕ್ಕೂ ಭಾಗವ್ವನ ಕಾಳಿಗೂ ವ್ಯತ್ಯಾಸ ಬಾರದೆ ಇರುವುದನ್ನು ಕಂಡು ನಗು ನಿಂತಿತು.

ಮನುಷ್ಯರಿಗೆ ಸಿಗದ ಔಷಧಿ ನಾಯಿಗೆ ಸಿಕ್ಕಿತಲ್ಲ, ಹೊಟ್ಟೆ ಉರಿಯಲಿಲ್ಲವೇ? ಕೇಳಿದರೆ ಭಾಗವ್ವ ತುಸು ಸಿಟ್ಟಾಗುತ್ತಾಳೆ. “ನಾಯಿ ಏನ ತಪ್ಪ ಮಾಡೈತ್ರಿ? ನಮ್ಮವ್ರ ಪಾಲಿಂದು ಅದು ಕಸ್ಕೊಂಡೈತೇನು? ಕಸ್ಕೊಂಡವ್ರ ಬ್ಯಾರೆ ಅದಾರ. ಅವ್ರಿಗಿ ಕೇಳ್ರಿ.”

ಇವತ್ತಿನ ಬೆಳಗಿಗೆ ಮರಳಿದರೆ, ಭಾಗವ್ವ ಇನ್ನೂ ಹೇಳಿಲ್ಲ. ಪೋಯಿಯ ಮೈ ಒಣಗಿದೆ, ಬಾಚಿದ್ದಾಗಿದೆ. ಮತ್ತೊಮ್ಮೆ ಬಾಚುತ್ತಾಳೆ. ಮುಂದಿನ ವಾರ ಸೋಫಿಯಾಳ ಗಂಡ ಹಡಗಿನಿಂದ ಇಳಿಯುವವನಿದ್ದಾನೆ. ಒಂದು ವಾರ ತಡೆದರೆ ಆ ಮನೆಗೆ ಒಂದು ವಾರದ ನಗು ಉಳಿಯುತ್ತದೆ. “ಬಾಯಿಗಿ ಬಂದ ಮಾತ ನುಂಗಬೇಕಂದ್ನಿ. ಆಗಲಿಲ್ಲ. ಗಂಟ ಸಿಕ್ಕ ಮ್ಯಾಲ ಸುಮ್ಮ ಕುಂತಿದ್ದ ಒಮ್ಮಿಗಿ ಸಾಕ್ರಿ ನನಗ.”

ಸೋಫಿಯಾ ಚಹಾದ ಕಪ್ಪು ಹಿಡಿದು ಹೊರಗೆ ಬರುತ್ತಾಳೆ. ಇಬ್ಬರ ನಡುವಿನ ಮಾತು ಅರ್ಧ ಕೊಂಕಣಿ, ಅರ್ಧ ಹಿಂದಿ. ಇವತ್ತು ಅದೂ ಬೇಕಾಗುವುದಿಲ್ಲ. ಭಾಗವ್ವ ಸೋಫಿಯಾಳ ಬಲಗೈ ಹಿಡಿದು, ಎರಡು ಬೆರಳನ್ನು ನಾಯಿಯ ದವಡೆಯ ಕೆಳಗೆ ಇಡುತ್ತಾಳೆ. ಸೋಫಿಯಾ ಎಡಕ್ಕೆ ಮುಟ್ಟುತ್ತಾಳೆ, ಬಲಕ್ಕೆ ಮುಟ್ಟುತ್ತಾಳೆ. ಕಪ್ಪನ್ನು ಕಟ್ಟೆಯ ಮೇಲೆ ಇಡುತ್ತಾಳೆ.

“ಎಷ್ಟು?” ಅನ್ನುತ್ತಾಳೆ.

“ಚಣಾ, ಬಾಯ್.”

ಒಂಬತ್ತೂವರೆಗೆ ಕ್ಲಿನಿಕ್ಕು. ಬಾಗಿಲಲ್ಲೇ ಫಿರ್ದೋಸ ಕೇಳುತ್ತಾಳೆ, “ಏನ ಹೇಳತೈತಕ್ಕಾ ನಿಮ್ಮ ಕೈ?” ಭಾಗವ್ವ ಪೋಯಿಯನ್ನು ಮೇಜಿನ ಮೇಲಿಟ್ಟು ಅದರ ಗದ್ದ ಎತ್ತಿ ಹಿಡಿಯುತ್ತಾಳೆ. ಸೂಜಿ, ಗಾಜು, ನೀಲಿ ಬಣ್ಣ, ಸೂಕ್ಷ್ಮದರ್ಶಕ. ಇಪ್ಪತ್ತು ನಿಮಿಷ. ಮೇಜಿನ ಮೇಲೆ ಪೋಯಿ ಒಮ್ಮೆ ಸೀನುತ್ತದೆ. ಫಿರ್ದೋಸ ತಲೆಯೆತ್ತಿದಾಗ ಕಣ್ಣು ತಪ್ಪಿಸುವುದಿಲ್ಲ, ನೇರವಾಗಿ ಹೇಳುತ್ತಾಳೆ: ತಿರುಗಿ ಬಂದಿದೆ. ಬೇರೆ ಔಷಧಿಗಳಿವೆ, ಮುಂಬಯಿಗೆ ಒಯ್ಯಬೇಕು, ಮತ್ತೆ ಸೂಜಿ. ದಕ್ಕಿದರೆ ಕೆಲವು ತಿಂಗಳು. ಈ ಸಲ ದಕ್ಕುವ ಆಸೆ ಮೊದಲಿನದಕ್ಕಿಂತ ಕಡಿಮೆ. ಇಲ್ಲವೆಂದರೆ ಬಿಳಿ ಗುಳಿಗೆ ಮಾತ್ರ. ಹಸಿವು ಬರುತ್ತದೆ, ಗಂಟು ಇಳಿಯುತ್ತವೆ, ಕೆಲವು ವಾರ ಹಗುರವಾಗಿರುತ್ತದೆ.

ಸೋಫಿಯಾ ನಾಯಿಯ ಮುಂಗಾಲು ಸವರುತ್ತಾಳೆ. ಸೂಜಿಗೆಂದು ಬೋಳಿಸಿದ ಜಾಗಕ್ಕೆ ನಾಲ್ಕು ತಿಂಗಳಾದರೂ ತುಪ್ಪುಳು ಸರಿಯಾಗಿ ಬಂದಿಲ್ಲ. “ಇನ್ನು ಚುಚ್ಚುವುದು ಬೇಡ,” ಅನ್ನುತ್ತಾಳೆ. “ಮನೆಯಲ್ಲೇ ಇರಲಿ.”

ಭಾಗವ್ವ ಕನ್ನಡದಲ್ಲಿ ಕೇಳುತ್ತಾಳೆ, ಸೋಫಿಯಾಳಿಗೆ ತಿಳಿಯಬಾರದೆಂದು. “ಎಷ್ಟ ಗುರುವಾರ, ಡಾಕ್ಟರವ್ವಾ?”

“ಆರು. ಭಾಳಂದ್ರ ಎಂಟಕ್ಕಾ.”

ಬಿಳಿ ಗುಳಿಗೆಯ ಪಟ್ಟಿ ಕೈಗೆ ಬಂದಾಗ ಭಾಗವ್ವ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಹೊಳೆಪ್ಪನಿಗೆ ಕೊಟ್ಟದ್ದೂ ಇಂಥದೇ. ವ್ಯತ್ಯಾಸ ಇಷ್ಟೇ: ಇದನ್ನು ಕೊಟ್ಟವರು ನಿಜ ಹೇಳಿ ಕೊಟ್ಟಿದ್ದಾರೆ. “ಬರೂ ವಾರ ಗಂಟ ಅಡಗಿರತಾವ್ರಿ. ಬಾಯಿಯವ್ರು ನಗತಾರ. ನಾನೂ ನಗತೇನಿ. ಬೆರಳಿಗಿ ಖರೇ ಗೊತ್ತಿರತೈತಿ, ಇರ್ಲಿ.” ಗುರುವಾರದ ಸ್ನಾನ ಬಿಡುವುದಿಲ್ಲ. ಐದು ಜಾಗ ಮುಟ್ಟುವುದನ್ನೂ ಬಿಡುವುದಿಲ್ಲ. “ಮುಟ್ಟದಿದ್ರ ಅದಕ್ಕ ತಿಳೀತೈತಿ, ಕೈ ಬಿಟ್ರು ಅಂತ.”

ಸಂಜೆ ನಾಲ್ಕಕ್ಕೆ ಚಿಂಬಲ್ಲಿನ ನಳದ ಕಟ್ಟೆ, ದಿನದ ಎರಡನೆಯ ಸಲ ನೀರು ಬಿಡುವ ಹೊತ್ತು. ಭಾಗವ್ವ ಬಂದ ಕೂಡಲೇ ನೆರೆಮನೆಯ ಹುಲಿಗೆಮ್ಮ ಕೊಡ ಬದಿಗಿಟ್ಟು ಕುತ್ತಿಗೆ ಚಾಚುತ್ತಾಳೆ. “ಬಾರಬೇ ನಾಯಿ ಡಾಕ್ಟರ, ನಂದೊಂದೀಟ ನೋಡು. ಬೊಗಳಂಗಿಲ್ಲ ನಾ.”

“ಬೊಗಳಂಗಿಲ್ಲ ಖರೇ, ಕಚ್ಚತಿ,” ಎಂದು ಭಾಗವ್ವ ಅವಳ ದವಡೆಯ ಕೆಳಗೆ ಬೆರಳಿಡುತ್ತಾಳೆ, ಕಣ್ಣು ನಳದ ಮೇಲೆ. “ಏನಿಲ್ಲ ಹೋಗು. ಬರೇ ಬೊಜ್ಜು.” ಸಾಲಿನಲ್ಲಿ ನಗೆ ಏಳುತ್ತದೆ. ಇನ್ನಿಬ್ಬರು ಮುಂದೆ ಬರುತ್ತಾರೆ.

ಇದು ಶುರುವಾದದ್ದು ಅಂಬಿಕಾಳಿಂದ. ಇದೇ ಓಣಿಯವಳು, ಸಿಮೆಂಟು ಹೊರುವವಳು, ವಯಸ್ಸು ಇಪ್ಪತ್ತೆರಡು. ಹೋದ ಮಳೆಗಾಲದಲ್ಲಿ ಹೇನು ನೋಡುವಾಗ ಭಾಗವ್ವನ ಬೆರಳಿಗೆ ಅವಳ ಕುತ್ತಿಗೆಯ ಅವರೆಕಾಳು ಸಿಕ್ಕಿತು. ಎರಡು ಸಲ ದವಾಖಾನೆಯವರು ಅವಳನ್ನು ನೋವಿನ ಮಾತ್ರೆ ಕೊಟ್ಟು ವಾಪಸು ಕಳಿಸಿದರು. ಮೂರನೆಯ ಸಲ ಭಾಗವ್ವ ತಾನೇ ಹೋಗಿ, ಡಾಕ್ಟರ ಮೇಜಿನ ಮುಂದೆ ನಿಂತಳು. ‘ನೀನ್ಯಾರು’ ಅಂದಾಗ, ‘ನಾಯಿ ತೊಳೆಯುವವಳು’ ಅಂದಳಂತೆ. ಹೊರಗೆ ಹೋಗು ಅಂದರೂ ಹೋಗಲಿಲ್ಲ, ಅವರು ಎದ್ದು ಬಂದು ಆ ಕುತ್ತಿಗೆ ಮುಟ್ಟುವವರೆಗೆ. ಕ್ಷಯ ಎಂದು ಗೊತ್ತಾಯಿತು. ಆರು ತಿಂಗಳ ಮಾತ್ರೆ ಮುಗಿಸಿ ಅಂಬಿಕಾ ಈಗ ಎರಡು ಕೊಡ ಒಟ್ಟಿಗೆ ಎತ್ತುತ್ತಾಳೆ.

ಕೊಡ ತುಂಬಿದೆ. ಭಾಗವ್ವ ಸಿಂಬೆ ಸುತ್ತಿ ತಲೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಏನಾದರೂ ಆಸೆ ಇದೆಯೇ ಎಂಬ ಮಾತಿಗೆ, ಕೊಡ ಎತ್ತುವುದನ್ನು ಬಿಟ್ಟು ತಿರುಗುತ್ತಾಳೆ.

“ಪೋಯಿಗಿ ಎಲ್ಲಾರೂ ಕೈ ಹಚ್ಚಿದ್ರು ನೋಡ್ರಿ. ಅದಕ್ಕ ಅದು ಹತ್ತ ತಿಂಗಳ ಹೆಚ್ಚಿಗಿ ಬೊಗಳ್ತು. ನಾಯಿ ಡಾಕ್ಟರು ನನ್ನ ಕೈ ನಂಬಿದ್ರು. ಮನಷ್ಯಾರ ಡಾಕ್ಟರು ನನ್ನ ಕೈ ನಂಬಬೇಕಂತ ಇಲ್ರಿ. ತಮ್ಮ ಕೈ ಹಚ್ಚಿ ನೋಡಿದ್ರ ಸಾಕು.”